ಮೈಸೂರು ರಾಕೆಟ್ಟಿಗೆ ಅಷ್ಟುದ್ದದ ಕೋಲು ಯಾಕೆ? ಮಾದರಿ ಕಟ್ಟಿ ನೋಡಿದ್ದು

ಈ ಸಲ ಕಟ್ಟಿದ್ದು ಹೈದರ್ ಮತ್ತು ಟಿಪ್ಪು ಕಾಲದ ರಾಕೆಟ್ಟಿನ ಮಾದರಿಗಳು. ನಿಜದ ಅಳತೆಯದು ಒಂದು. ಬೀಸಿ ಪರೀಕ್ಷೆ ಮಾಡಲು ಕಾಲು ಅಳತೆಯವು ಎರಡು. ಜೊತೆಗೆ ಕೋಲೇ ಇಲ್ಲದ ರಾಕೆಟ್ಟನ್ನು ಹಾರಿಸುವ ಒಂದು ವಿಚಿತ್ರ ಪಿಸ್ತೂಲಿನ ಒಳಗನ್ನು ತೋರಿಸುವ ಪ್ಲೈವುಡ್ ಹಲಗೆ. ಹೊಸನಗರ ಕಡೆಯ ಒಂದು ಶಾಲೆಯ ಮೇಷ್ಟ್ರು ವಸ್ತುಪ್ರದರ್ಶನಕ್ಕೆ ಕೇಳಿದ್ದರು. ನನಗೂ ಬಹಳ ದಿನದಿಂದ ಒಂದು ಪ್ರಶ್ನೆ ಇತ್ತು. ಒಂದು ಗೇಣಿಗಿಂತ ಕಡಿಮೆ ಉದ್ದದ ಕೊಳವೆಗೆ ಆಳೆತ್ತರದ ಕೋಲು ಯಾಕೆ ಕಟ್ಟಿದರು? ಓದಿದರೆ ಉತ್ತರ ಸಿಗುತ್ತದೆ, ನಿಜ. ಆದರೆ ಕೈಯಲ್ಲಿ ಹಿಡಿದು ನೋಡಬೇಕು ಅನ್ನಿಸಿತ್ತು.

ಮೊದಲೇ ಒಂದು ಮಾತು. ದೊಡ್ಡ ಮಾದರಿಯ ಒಳಗೆ ಪೂರ್ತಿ ಗಟ್ಟಿ ಮರ ಇದೆ. ಚಿಕ್ಕವುಗಳಲ್ಲಿ ಜೇಡಿಮಣ್ಣು. ಎಲ್ಲೂ ಮದ್ದು ಇಲ್ಲ. ಮಕ್ಕಳು ಮುಟ್ಟುವ ವಸ್ತು ಇದು. ಇದನ್ನು ನೋಡಿ ಯಾರಾದರೂ ಮದ್ದು ತುಂಬುವ ಯೋಚನೆ ಮಾಡಿದರೆ ದಯವಿಟ್ಟು ಬಿಡಿ. ಕಬ್ಬಿಣದ ಕೊಳವೆ ಸಿಡಿದರೆ ಕೈ ಉಳಿಯುವುದಿಲ್ಲ, ಕಾನೂನೂ ಬಿಡುವುದಿಲ್ಲ.

ನಗರದ ಬಾವಿ

ನಮ್ಮ ಜಿಲ್ಲೆಯವರಿಗೆ ಈ ರಾಕೆಟ್ ದೂರದ ಕಥೆ ಅಲ್ಲ. ಹೊಸನಗರ ತಾಲ್ಲೂಕಿನ ನಗರ ಒಂದು ಕಾಲಕ್ಕೆ ಬಿದನೂರು, ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರ್ ಅಲಿ ಅದನ್ನು ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ಅದೇ ಊರಿನ ಒಂದು ಪಾಳುಬಾವಿಯಲ್ಲಿ 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರಿಗೆ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ಅದಕ್ಕೂ ಮೊದಲು, 2002ರಲ್ಲಿ, ಅಲ್ಲೇ ಒಂದಷ್ಟು ಸಿಕ್ಕಿದ್ದವು. ಅವನ್ನು ಬರೀ ಹಳೇ ಗುಂಡುಗಳು ಅಂದುಕೊಂಡು ಎತ್ತಿಟ್ಟಿದ್ದರು. ರಾಕೆಟ್ ಅಂತ ಗೊತ್ತಾಗಿದ್ದು ವರ್ಷಗಳ ನಂತರ.

ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಮ್ಯೂಸಿಯಂನಲ್ಲಿ ಅವುಗಳನ್ನು ನೋಡಬಹುದು. ತುಕ್ಕು ಹಿಡಿದು ಉಬ್ಬಿವೆ. ಬೇಗ ನೋಡಿದರೆ ಪೈಪಿನ ತುಂಡು ಅನ್ನಿಸುತ್ತದೆ. ಆದರೆ ನಿಧಾನ ನೋಡಿ. ಇಷ್ಟೊಂದು ಕೊಳವೆಗಳನ್ನು ತಗಡು ತಟ್ಟಿ, ಸುತ್ತಿ, ಕೈಯಲ್ಲೇ ಮಾಡಬೇಕು ಅಂದರೆ ಎಷ್ಟು ಕಮ್ಮಾರರು ಬೇಕು! ಶ್ರೀರಂಗಪಟ್ಟಣ 1799ರ ಮೇ 4ರಂದು ಬಿದ್ದಾಗ ಬ್ರಿಟಿಷರಿಗೆ ಅಲ್ಲಿ ಸಿಕ್ಕಿದ್ದು ಬಳಸಲು ಸಿದ್ಧವಿದ್ದ 700 ರಾಕೆಟ್ ಮತ್ತು 9,000 ಖಾಲಿ ಕೊಳವೆ. ನಗರದ ಬಾವಿ ನೋಡಿದ ಮೇಲೆ ಆ ಲೆಕ್ಕ ದೊಡ್ಡದು ಅನ್ನಿಸುವುದಿಲ್ಲ.

ರಾಕೆಟ್ ಹೈದರನಿಗಿಂತ ಮುಂಚೆಯೂ ಇತ್ತು. ಚೀನಾದಲ್ಲಿತ್ತು, ಯುರೋಪಿನಲ್ಲಿತ್ತು, ನಮ್ಮಲ್ಲೂ ಇತ್ತು. ಆದರೆ ಕೊಳವೆ ಹೆಚ್ಚಾಗಿ ಕಾಗದದ್ದು ಅಥವಾ ಬಿದಿರಿನದು. ಮೈಸೂರಿನವರು ಕಬ್ಬಿಣ ಹಾಕಿದರು. ಕಬ್ಬಿಣ ಒಳಗಿನ ಒತ್ತಡ ಜಾಸ್ತಿ ತಡೆಯುತ್ತದೆ. ಮದ್ದನ್ನು ಗಟ್ಟಿಯಾಗಿ ಜಡಿಯಬಹುದು. ಅದರಿಂದ ದೂರವೂ ಹೆಚ್ಚಿತು, ಹೊತ್ತೊಯ್ಯುವ ಭಾರವೂ ಹೆಚ್ಚಿತು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನ ಯುದ್ಧದಲ್ಲಿ ಬ್ರಿಟಿಷ್ ಕರ್ನಲ್ ಬೇಯ್ಲಿಯ ಸೈನ್ಯದ ಮದ್ದಿನ ಬಂಡಿಗಳು ಸಿಡಿದಿದ್ದನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಚಿತ್ರದಲ್ಲಿ ಈಗಲೂ ನೋಡಬಹುದು.

ಅಳತೆ

ತುಕ್ಕು ಹಿಡಿದ ಕೊಳವೆಯಿಂದ ಪೂರ್ತಿ ರಾಕೆಟ್ಟಿನ ಅಳತೆ ಸಿಗುವುದಿಲ್ಲ. ಕೋಲು, ಚರ್ಮದ ಕಟ್ಟು ಎಲ್ಲ ಮಣ್ಣಾಗಿ ಹೋಗಿದೆ. ಹಾಗಾಗಿ ಇಂಗ್ಲೆಂಡಿನ ವೂಲ್ವಿಚ್‌ನಲ್ಲಿ ಉಳಿದಿದ್ದ ಎರಡು ರಾಕೆಟ್ಟುಗಳ ಅಳತೆ ತೆಗೆದುಕೊಂಡೆ. ಇವನ್ನು ವಿವರವಾಗಿ ದಾಖಲು ಮಾಡಿದವರಲ್ಲಿ ನಮ್ಮವರೇ ಆದ ವಿಜ್ಞಾನಿ ರೊದ್ದಂ ನರಸಿಂಹ ಒಬ್ಬರು. 1985ರಲ್ಲಿ ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್.ಎ.ಎಲ್.ನಿಂದ ಬರೆದರು.

ಮೊದಲನೆಯದು: ಕೊಳವೆ 1.5 ಇಂಚು ದಪ್ಪ, 7.8 ಇಂಚು ಉದ್ದ. ಕೋಲು ಬಿದಿರಿನದು, 6 ಅಡಿ 3 ಇಂಚು. ಎರಡನೆಯದು: ಕೊಳವೆ 2.3 ಇಂಚು ದಪ್ಪ, 10 ಇಂಚು ಉದ್ದ. ಇದಕ್ಕೆ ಬಿದಿರಿಲ್ಲ. ಅದರ ಬದಲು 3 ಅಡಿ 4 ಇಂಚು ಉದ್ದದ ನೇರ ಕತ್ತಿಯ ಅಲಗು! ಎರಡಕ್ಕೂ ಕಟ್ಟು ಚರ್ಮದ ಪಟ್ಟಿಯದು.

ನಿಜದ ಅಳತೆಯಲ್ಲಿ ಮೊದಲನೆಯದನ್ನೇ ಕಟ್ಟಿದೆ. ಶಾಲೆಗೆ ಮೂರಡಿ ಕತ್ತಿ ಒಯ್ಯುವುದು ಬೇಡ ಅಂತ.

ಕೊಳವೆ

ತಗಡು 22 ಗೇಜಿನ ಎಂ.ಎಸ್. (ಮೆದು ಉಕ್ಕು) ಶೀಟ್, ಗುಜರಿಯಲ್ಲಿ ತೂಕಕ್ಕೆ ಸಿಕ್ಕಿತು. ಒಳಗಿನ ದಿಂಡನ್ನು ಹಲಸಿನ ಮರದಲ್ಲಿ ಕಡೆದೆ, 36 ಮಿ.ಮೀ. ದಪ್ಪಕ್ಕೆ. ಹಲಸು ಯಾಕೆಂದರೆ ಲೇತಿನಲ್ಲಿ ಚೆನ್ನಾಗಿ ಬರುತ್ತದೆ, ಒಣಗಿದ ಮೇಲೆ ಸೀಳುವುದು ಕಡಿಮೆ, ಮನೆಯಲ್ಲಿ ತುಂಡುಗಳೂ ಇದ್ದವು.

ತಗಡನ್ನು ನೇರವಾಗಿ ಮರದ ಮೇಲೆ ಸುತ್ತಲು ಹೋಗಬಾರದು. ಬಡಿದಾಗ ಮರದಲ್ಲಿ ಕುಳಿ ಬೀಳುತ್ತದೆ. ಒಂದಿಂಚಿನ ಜಿ.ಐ. ಪೈಪಿನ ಮೇಲಿಟ್ಟು ಮರದ ಕೊಡತಿಯಲ್ಲಿ ಅಂಚಿನಿಂದ ನಡುವಿಗೆ ಬಡಿಯುತ್ತಾ ಬಂದೆ. ಪೈಪ್ ಬೇಕಾದ್ದಕ್ಕಿಂತ ಸ್ವಲ್ಪ ಸಣ್ಣ. ಅದೇ ಒಳ್ಳೆಯದು, ಯಾಕೆಂದರೆ ಕೈ ಬಿಟ್ಟ ಕೂಡಲೇ ತಗಡು ಸ್ವಲ್ಪ ಬಿಚ್ಚಿಕೊಂಡು ಸರಿಯಾದ ಅಳತೆಗೆ ನಿಲ್ಲುತ್ತದೆ. ಎರಡೂ ಅಂಚನ್ನು ಕೊಕ್ಕೆಯ ಹಾಗೆ ಮಡಚಿ, ಒಂದಕ್ಕೊಂದು ಸಿಕ್ಕಿಸಿ, ಮೇಲಿಂದ ಬಡಿದು ಚಪ್ಪಟೆ ಮಾಡಿದರೆ ಜೋಡಣೆ ಮುಗಿಯಿತು. ವೆಲ್ಡಿಂಗ್ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಆ ಕಾಲದ ಕೆಲಸಕ್ಕೆ ವೆಲ್ಡಿಂಗ್ ಗೆರೆ ಒಪ್ಪುವುದಿಲ್ಲ.

ಮುಂದಿನ ತುದಿಗೆ ತಗಡಿನ ಬಿಲ್ಲೆ ಕೂರಿಸಿದೆ. ಹಿಂದಿನ ತುದಿಯಲ್ಲಿ ಬೆಂಕಿ ಹೊರಬರುವ ಬಾಯಿ ಇರಬೇಕಾದ ಕಡೆ, ದಿಂಡಿನಲ್ಲೇ ಒಂದು ಚಿಕ್ಕ ಕುಳಿ ಕಡೆದು ಕಪ್ಪು ಬಳಿದೆ. ನೋಡಲು ಬಾಯಿ, ಒಳಗೆ ಮರ.

ಬಣ್ಣಕ್ಕೆ ಪೇಂಟ್ ಹಾಕಲಿಲ್ಲ. ದಿಂಡು ಹಾಕುವ ಮೊದಲೇ ತಗಡನ್ನು ಕಾಯಿಸಿ ಅಗಸೆ ಎಣ್ಣೆ ತೆಳ್ಳಗೆ ಒರೆಸಿ ಮತ್ತೆ ಕಾಯಿಸಿದೆ. ಕಂದು ಮಿಶ್ರಿತ ಕಪ್ಪು ಬಂತು. ಮಲೆನಾಡಿನ ತೇವವನ್ನು ಇದೂ ತಕ್ಕಮಟ್ಟಿಗೆ ತಡೆಯುತ್ತದೆ. ಮಳೆಗಾಲಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಬಿದಿರು

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದಿದ್ದು ಕೋಲು ಹುಡುಕುವುದಕ್ಕೆ. ಆರಡಿ ಉದ್ದ, ನೆಟ್ಟಗೆ, ಹಗುರ, ಆದರೆ ಗಟ್ಟಿ. ಈ ನಾಲ್ಕೂ ಒಂದೇ ಗಳದಲ್ಲಿ ಸಿಗುವುದು ಕಷ್ಟ. ಬುಟ್ಟಿ ಹೆಣೆಯುವ ಮೇದಾರ ಅಜ್ಜರೊಬ್ಬರ ಹತ್ತಿರ ಹೋದೆ.

“ಅಜ್ಜಾ, ವಾಟೆ ಆಗಲ್ವಾ? ಹಗುರ ಇರತ್ತೆ.”

“ವಾಟೆ ಬುಟ್ಟಿಗೆ, ತಟ್ಟಿಗೆ ಸೈ ಮಾರಾಯ್ರೆ. ನೀವು ಕಬ್ಬಿಣ ಕಟ್ತೀನಿ ಅಂತೀರಿ. ಬಿಗಿದ ಕೂಡಲೇ ಸೀಳತ್ತೆ.”

“ಹಂಗಾದ್ರೆ ಹೆಬ್ಬಿದಿರು?”

“ಅದು ಭಾರ ಆಯ್ತಲ್ಲ. ಗಟ್ಟಿಬಿದಿರಿನ ಎಳೇ ಗಳ ನೋಡಿ. ಗಿಣ್ಣು ದೂರ ದೂರ ಇರೋದನ್ನ ಆರ್ಸಿ. ಅಮಾಸೆ ಹತ್ರ ಕಡ್ದಿದ್ದಾದ್ರೆ ಕುಟ್ಟೆ ಹಿಡಿಯಲ್ಲ.”

ಅವರು ಕೊಟ್ಟ ಗಳ ನಡುವಿನಲ್ಲಿ ಸ್ವಲ್ಪ ಡೊಂಕಿತ್ತು. ಅದನ್ನು ಅವರೇ ತಿದ್ದಿಕೊಟ್ಟರು. ಡೊಂಕಿನ ಜಾಗವನ್ನು ಬೆಂಕಿಯ ಮೇಲೆ ತಿರುಗಿಸುತ್ತಾ ಕಾಯಿಸಿದರು. ಬಿದಿರಿನ ಮೈಮೇಲೆ ಎಣ್ಣೆ ಬೆವರಿದ ಹಾಗೆ ಹೊಳಪು ಬಂದ ಕೂಡಲೇ ಕಟ್ಟಿಗೆಯ ಕಚ್ಚಿಗೆ ಸಿಕ್ಕಿಸಿ ಒತ್ತಿ ಹಿಡಿದರು. ಒದ್ದೆ ಬಟ್ಟೆ ಸುತ್ತಿ ತಣಿಸಿದರು. ಅಷ್ಟೇ, ನೆಟ್ಟಗಾಯಿತು. ಟಿಪ್ಪುವಿನ ಸೈನ್ಯಕ್ಕೆ ಸಾವಿರಾರು ಕೋಲು ಬೇಕಿತ್ತು ಅಂದರೆ ಕಬ್ಬಿಣದ ಕೆಲಸದಷ್ಟೇ ಬಿದಿರಿನ ಕೆಲಸವೂ ನಡೆದಿರಲೇಬೇಕು. ಕಮ್ಮಾರರ ಬಗ್ಗೆ ಮಾತಾಡುವಾಗ ನಾವು ಈ ಕೈಗಳನ್ನು ಮರೆಯುತ್ತೇವೆ. ನನಗೆ ಅದು ಸರಿ ಅನ್ನಿಸುವುದಿಲ್ಲ.

ಚರ್ಮದ ಕಟ್ಟು

ಡೊಳ್ಳಿಗೆ ಚರ್ಮ ಬಿಗಿಯುವವರ ಹತ್ತಿರ ಹದ ಮಾಡದ ಚರ್ಮದ ತುಂಡುಗಳು ಸಿಕ್ಕವು. ಬೆರಳಗಲ ಪಟ್ಟಿ ಕೊಯ್ದು, ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಎಳೆದು ಬಿಗಿದೆ. ಹಸಿ ಚರ್ಮ ಒಣಗುವಾಗ ಕುಗ್ಗುತ್ತದೆ. ಒಣಗಿದ ಮೇಲೆ ಆ ಕಟ್ಟನ್ನು ಉಗುರಿನಲ್ಲಿ ತಟ್ಟಿದರೆ ಮರ ತಟ್ಟಿದಂಥ ಸದ್ದು ಬರುತ್ತದೆ. ಕೊಳವೆ ಒಂಚೂರೂ ಅಲುಗುವುದಿಲ್ಲ. ಇಷ್ಟು ಬಿಗಿ ತಂತಿಯಲ್ಲಿ ಬರುವುದಿಲ್ಲ. ತಂತಿ ಬಿದಿರನ್ನು ಕಡಿಯುತ್ತದೆ.

ಕಟ್ಟುವಾಗ ಒಂದು ವಿಷಯ ಗಮನಿಸಬೇಕು. ಹಾರುವಾಗ ಕೊಳವೆ ಮುಂದಕ್ಕೆ ನುಗ್ಗುತ್ತದೆ, ಕೋಲನ್ನು ಎಳೆದುಕೊಂಡು ಹೋಗುತ್ತದೆ. ಆ ಎಳೆತ ಪೂರ್ತಿ ಚರ್ಮದ ಮೇಲೆ. ಹಾಗಾಗಿ ಬಿದಿರಿನ ಒಂದು ಗಿಣ್ಣು ಕಟ್ಟಿಗೆ ಸ್ವಲ್ಪ ಮುಂದೆ ಬರುವ ಹಾಗೆ ಇಟ್ಟೆ. ಪಟ್ಟಿ ಜಾರಲು ನೋಡಿದರೂ ಗಿಣ್ಣು ತಡೆಯುತ್ತದೆ.

ಮಳೆ ಹಿಡಿದಿದ್ದರಿಂದ ಚರ್ಮ ಹೊರಗೆ ಒಣಗಲೇ ಇಲ್ಲ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ, ಆಮೇಲೆ ಬಿಗಿಯಾಯಿತು. ಆದರೆ ಜಗುಲಿಯಲ್ಲಿ ಇಟ್ಟರೆ ಗಾಳಿಯ ತೇವ ಕುಡಿದು ಮತ್ತೆ ಸ್ವಲ್ಪ ಸಡಿಲ. ಕೊನೆಗೆ ಒಣಗಿದ ಕಟ್ಟಿನ ಮೇಲೆ ಜೇನುಮೇಣ ಕರಗಿಸಿ ಬಳಿದೆ. ಈಗ ಗಟ್ಟಿ ನಿಂತಿದೆ.

ಬೀಸಿ ನೋಡಿದ್ದು

ಇನ್ನು ನನ್ನ ಪ್ರಶ್ನೆ. ರಾಕೆಟ್ ನೆಟ್ಟಗೆ ಹಾರುತ್ತದೋ ಇಲ್ಲವೋ ಅಂತ ಹಾರಿಸದೇ ತಿಳಿಯಲು ಒಂದು ಸುಲಭ ದಾರಿ ಇದೆ. ಮಾದರಿಯನ್ನು ಅದು ಸಮತೂಗುವ ಜಾಗದಲ್ಲಿ ದಾರಕ್ಕೆ ಕಟ್ಟಿ, ತಲೆಯ ಸುತ್ತ ಬೀಸುವುದು. ಮೂಗು ಮುಂದೆ ಮಾಡಿಕೊಂಡು ಸುತ್ತಿದರೆ ಸರಿ. ಅಡ್ಡ ತಿರುಗಿದರೆ, ಪಲ್ಟಿ ಹೊಡೆದರೆ ಅದು ನೆಟ್ಟಗೆ ಹಾರುವ ವಸ್ತು ಅಲ್ಲ. ಆರಡಿ ಕೋಲನ್ನು ಬೀಸುವುದು ಆಗದ ಮಾತು. ಅದಕ್ಕೇ ಕಾಲು ಅಳತೆಯ ಮಾದರಿ.

ಹಳೇ ಕೊಡೆಯ ಕಬ್ಬಿಣದ ಕಾಂಡ ಸರಿಸುಮಾರು ಬೇಕಾದ ದಪ್ಪವೇ ಇತ್ತು. 5 ಸೆಂ.ಮೀ. ತುಂಡು ಕತ್ತರಿಸಿ, ಮದ್ದಿನ ತೂಕಕ್ಕೆ ಬದಲಾಗಿ ಜೇಡಿಮಣ್ಣು ತುಂಬಿದೆ. 47.6 ಸೆಂ.ಮೀ. ಉದ್ದದ ಬಿದಿರು ಕಡ್ಡಿ ಕಟ್ಟಿದೆ. ಬೆರಳ ಮೇಲಿಟ್ಟರೆ ಮೂಗಿನಿಂದ ಸುಮಾರು 9 ಸೆಂ.ಮೀ. ಹಿಂದೆ ಸಮ ನಿಂತಿತು. ಅಂದರೆ ಕೊಳವೆಯ ಬಾಯಿಗಿಂತ ಒಂದೂವರೆ ಇಂಚು ಹಿಂದೆ. ಇದನ್ನು ತೂಕದ ನಡು ಅನ್ನೋಣ. ಪಕ್ಕದಿಂದ ಗಾಳಿ ಹೊಡೆದರೆ ಅದು ಎಲ್ಲಿ ಹೆಚ್ಚು ತಳ್ಳುತ್ತದೆ? ಕಡ್ಡಿ ಉದ್ದ ಇರುವ ಕಡೆ, ಅಂದರೆ ಇನ್ನೂ ಬಹಳ ಹಿಂದೆ. ಅದು ಗಾಳಿಯ ನಡು. ಗಾಳಿಯ ನಡು ತೂಕದ ನಡುವಿಗಿಂತ ಹಿಂದೆ ಇದ್ದರೆ ಬಾಲ ಹಿಂದೆಯೇ ಇರುತ್ತದೆ, ಮೂಗು ಮುಂದೆ.

ಬಹಳ ಜನ ಕೋಲು ಕೆಳಗೆ ತೂಗಿ ರಾಕೆಟ್ಟನ್ನು ನೆಟ್ಟಗೆ ಇಡುತ್ತದೆ ಅಂದುಕೊಂಡಿದ್ದಾರೆ. ತೂಕದ್ದಲ್ಲ ಕೆಲಸ, ಗಾಳಿಯದ್ದು. ಕೋಲು ಆದಷ್ಟೂ ಹಗುರ ಇದ್ದು, ಆದಷ್ಟೂ ಉದ್ದ ಇರಬೇಕು. ಬಿದಿರು ಇದಕ್ಕೆ ಹೇಳಿ ಮಾಡಿಸಿದ ವಸ್ತು.

ಗದ್ದೆ ಬಯಲಲ್ಲಿ ಬೀಸಿದೆ. ಪೂರ್ತಿ ಕಡ್ಡಿ ಇದ್ದಾಗ ಮೂಗು ಅಲುಗಲಿಲ್ಲ. ನಂತರ ಕಡ್ಡಿಯನ್ನು ಹಂತ ಹಂತವಾಗಿ ಕತ್ತರಿಸುತ್ತಾ, ಪ್ರತಿ ಸಲ ಸಮತೂಗುವ ಜಾಗಕ್ಕೆ ದಾರ ಸರಿಸಿ ಕಟ್ಟುತ್ತಾ ಹೋದೆ. ಅರ್ಧಕ್ಕೆ ಇಳಿಸಿದರೂ ಜೋರಾಗಿ ಬೀಸಿದಾಗ ಚೆನ್ನಾಗೇ ಹೋಯಿತು. ಹಾಗಾದರೆ ಮೂರಡಿ ಕೋಲು ಸಾಕಾಗಿತ್ತಲ್ವಾ? ಇಲ್ಲ. ನಿಧಾನ ಬೀಸಿದಾಗ ಅರ್ಧ ಕಡ್ಡಿಯ ಮಾದರಿ ತಲೆ ಆಡಿಸಿತು, ಅಡ್ಡ ತಿರುಗಿತು. ಉದ್ದ ಕಡ್ಡಿಯದು ನಿಧಾನದಲ್ಲೂ ಮೂಗು ಹಿಡಿದುಕೊಂಡೇ ಹೋಯಿತು. ಇನ್ನೂ ಮೊಟಕು ಮಾಡಿ ಕೊಳವೆಯ ಎರಡರಷ್ಟು ಉದ್ದಕ್ಕೆ ತಂದಾಗ ಜೋರಿನಲ್ಲೂ ಪಲ್ಟಿ.

ನನಗೆ ಇಲ್ಲಿ ಉತ್ತರ ಸಿಕ್ಕಿತು. ಕೋವಿಯ ಗುಂಡು ನಳಿಗೆ ಬಿಡುವಾಗಲೇ ಪೂರ್ತಿ ವೇಗದಲ್ಲಿರುತ್ತದೆ. ರಾಕೆಟ್ ಹಾಗಲ್ಲ. ನಿಂತ ಜಾಗದಿಂದ ಹೊರಟು ಹೋಗುತ್ತಾ ಹೋಗುತ್ತಾ ವೇಗ ಹಿಡಿಯುತ್ತದೆ. ಮೊದಲ ಕೆಲವು ಮಾರು ದೂರದಲ್ಲಿ ಗಾಳಿಗೆ ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಇರುವುದಿಲ್ಲ. ದಾರಿ ತಪ್ಪುವುದಾದರೆ ಅಲ್ಲೇ ತಪ್ಪುತ್ತದೆ. ಅಷ್ಟು ಉದ್ದದ ಕೋಲು ಆ ಮೊದಲ ಗಳಿಗೆಗೆ ಬೇಕು.

ಕತ್ತಿಯ ರಾಕೆಟ್

ಕತ್ತಿಯದನ್ನೂ ಕಾಲು ಅಳತೆಗೆ ಇಳಿಸಿದೆ. 3 ಅಡಿ 4 ಇಂಚಿನ ಕಾಲು ಭಾಗ ಸರಿಯಾಗಿ 10 ಇಂಚು. ಹ್ಯಾಕ್ಸಾ ಬ್ಲೇಡನ್ನು ಆ ಉದ್ದಕ್ಕೆ ಮುರಿದು, ಹಲ್ಲುಗಳನ್ನು ಉಜ್ಜಿ ತೆಗೆದು, ಕರ್ಟನ್ ರಾಡಿನ ತುಂಡಿಗೆ ಕಟ್ಟಿದೆ. ಇದನ್ನು ಬೀಸುವಾಗ ಹತ್ತಿರ ಯಾರನ್ನೂ ಬಿಟ್ಟುಕೊಳ್ಳಲಿಲ್ಲ.

ಇದು ನೆಟ್ಟಗೆ ಹೋಗಲಿಲ್ಲ. ಕಾರಣ ನೋಡಿದರೆ ಚೆಂದ ಇದೆ. ಬ್ಲೇಡ್ ಅಗಲದ ಕಡೆಗೆ ಗಾಳಿಯನ್ನು ಚೆನ್ನಾಗಿ ಹಿಡಿಯುತ್ತದೆ. ಅಂಚಿನ ಕಡೆಗೆ ಹಿಡಿಯುವುದೇ ಇಲ್ಲ, ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಹಾಗಾಗಿ ಒಂದು ದಿಕ್ಕಿನಲ್ಲಿ ಬಾಲ ಇದೆ, ಇನ್ನೊಂದು ದಿಕ್ಕಿನಲ್ಲಿ ಬಾಲವೇ ಇಲ್ಲದ ಹಾಗೆ. ಅದರ ಮೇಲೆ ಕಬ್ಬಿಣದ ಭಾರ. ತೂಕದ ನಡುವನ್ನು ಹಿಂದಕ್ಕೆ ಎಳೆಯುತ್ತದೆ. ಕೊಳವೆಯ ಮಣ್ಣು ಕೆರೆದು ತೆಗೆದು, ಮದ್ದು ಉರಿದು ಖಾಲಿಯಾದ ಸ್ಥಿತಿಯಲ್ಲಿ ಬೀಸಿದೆ. ಮೂಗು ಹಗುರಾಗಿ ತೂಕದ ನಡು ಇನ್ನೂ ಹಿಂದಕ್ಕೆ ಹೋಯಿತು, ಪಲ್ಟಿ ಇನ್ನೂ ಜಾಸ್ತಿಯಾಯಿತು. ಬಿದಿರಿನದರಲ್ಲೂ ಹಾಗೇ ಖಾಲಿ ಮಾಡಿ ನೋಡಿದೆ. ಅದು ಒಂದಿಷ್ಟೂ ಬದಲಾಗಲಿಲ್ಲ.

ಹಾಗಾದರೆ ಕತ್ತಿ ಯಾಕೆ ಕಟ್ಟಿದರು? ನನ್ನ ಅಭಿಪ್ರಾಯದಲ್ಲಿ ಎರಡು ರಾಕೆಟ್ಟುಗಳ ಕೆಲಸವೇ ಬೇರೆ. ಬಿದಿರಿನದು ದೂರಕ್ಕೆ. ಕತ್ತಿಯದು ಗುಂಪಾಗಿ ನಿಂತ ಕುದುರೆ ಸವಾರರ ಮೇಲೆ, ಕಾಲಾಳುಗಳ ಮೇಲೆ. ಖಾಲಿಯಾಗುತ್ತಾ ಬಂದಾಗ ಮೂರಡಿ ಅಲಗು ಗಿರಗಿರ ತಿರುಗುತ್ತಾ ನೆಲ ಮುಟ್ಟುವುದನ್ನು ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಕೋಲು ಬಿಟ್ಟ ರಾಕೆಟ್

ಮಕ್ಕಳು ಕೇಳುವ ಮುಂದಿನ ಪ್ರಶ್ನೆ ಗೊತ್ತಿತ್ತು: ಈಗಿನ ರಾಕೆಟ್ಟಿಗೆ ಕೋಲು ಇಲ್ಲವಲ್ಲ? ಅದಕ್ಕೇ ಹಲಗೆ.

ಶ್ರೀರಂಗಪಟ್ಟಣದಿಂದ ಹೋದ ರಾಕೆಟ್ಟುಗಳನ್ನು ನೋಡಿ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ತನ್ನದನ್ನು ಮಾಡಿದ. 1806ರಲ್ಲಿ ಬೊಲೋನ್ ಮೇಲೆ, 1807ರಲ್ಲಿ ಕೋಪನ್‌ಹೇಗನ್ ಮೇಲೆ ಅವು ಬಿದ್ದವು. ಅವನ 32 ಪೌಂಡಿನ ರಾಕೆಟ್ಟಿಗೆ ಕೋಲು 15 ಅಡಿ! ಮೊದಲು ಪಕ್ಕಕ್ಕೆ ಕಟ್ಟುತ್ತಿದ್ದ, ನಮ್ಮವರ ಹಾಗೆಯೇ. ಪಕ್ಕದ ಕೋಲಿನ ತೊಂದರೆ ಏನೆಂದರೆ ತೂಕದ ನಡು ಕೊಳವೆಯ ನೇರಕ್ಕೆ ಇರುವುದಿಲ್ಲ, ತಳ್ಳುವ ಶಕ್ತಿ ಒಂದು ಪಕ್ಕಕ್ಕೆ ಬೀಳುತ್ತದೆ. ಆಮೇಲೆ ಕೋಲನ್ನು ತಳದ ನಡುವಿಗೆ ತಂದು, ಬೆಂಕಿಗೆ ಸುತ್ತಲೂ ರಂಧ್ರ ಬಿಟ್ಟ. 1844ರಲ್ಲಿ ವಿಲಿಯಂ ಹೇಲ್ ಕೋಲನ್ನೇ ತೆಗೆದ. ಹೊಗೆ ಓರೆಯಾಗಿ ಹೊರಬರುವಂತೆ ಮಾಡಿ, ರಾಕೆಟ್ಟನ್ನೇ ಬುಗುರಿಯ ಹಾಗೆ ತಿರುಗಿಸಿ ನೆಟ್ಟಗೆ ಹಾರಿಸಿದ.

ಇದೇ ಉಪಾಯ 1960ರ ದಶಕದಲ್ಲಿ ಅಮೆರಿಕದ ಒಂದು ಪಿಸ್ತೂಲಿನ ಒಳಗೆ ಬಂತು. ಹೆಸರು ಜೈರೋಜೆಟ್. ಮಾಡಿದವರು ರಾಬರ್ಟ್ ಮೈನ್‌ಹಾರ್ಟ್ ಮತ್ತು ಆರ್ಟ್ ಬೀಲ್. ಇದರ ತೋಟಾ 13 ಮಿ.ಮೀ. ದಪ್ಪದ ಪುಟ್ಟ ರಾಕೆಟ್. ತಳದಲ್ಲಿ ನಾಲ್ಕು ಓರೆ ರಂಧ್ರ. ಹಲಗೆಯಲ್ಲಿ ಇದನ್ನು ಐದು ಪಟ್ಟು ದೊಡ್ಡದು ಮಾಡಿ ಮರದಲ್ಲಿ ಕಡೆದೆ, 65 ಮಿ.ಮೀ. ದಪ್ಪಕ್ಕೆ. ರಂಧ್ರಗಳಿಂದ ಹೊಗೆ ಹೇಗೆ ಸುತ್ತಿಕೊಂಡು ಬರುತ್ತದೆ ಅಂತ ತೋರಿಸಲು ಕೆಂಪು ವೈರಿನ ತುಂಡುಗಳನ್ನು ಓರೆಯಾಗಿ ಸಿಕ್ಕಿಸಿದೆ.

ನಮ್ಮ ಕಡೆ ಕೇಪಿನ ಕೋವಿ ನೋಡಿದವರಿಗೆ ಈ ಪಿಸ್ತೂಲು ತಲೆಕೆಳಗು ಅನ್ನಿಸುತ್ತದೆ. ಕೋವಿಯಲ್ಲಿ ಕುದುರೆ, ಅಂದರೆ ಹೊಡೆಯುವ ಪುಟ್ಟ ಸುತ್ತಿಗೆ, ಹಿಂದಿನಿಂದ ಬಂದು ಬೆಂಕಿ ಹೊತ್ತಿಸುವ ಕೇಪಿಗೆ ಹೊಡೆಯುತ್ತದೆ. ಜೈರೋಜೆಟ್ಟಿನಲ್ಲಿ ಕುದುರೆ ಇರುವುದು ರಾಕೆಟ್ಟಿನ ಮುಂದೆ! ಅದು ಮೂಗಿಗೆ ಹೊಡೆದು ರಾಕೆಟ್ಟನ್ನು ಹಿಂದಕ್ಕೆ ತಳ್ಳುತ್ತದೆ. ಹಿಂದೆ ಅಲುಗದೆ ನಿಂತ ಮೊಳೆಗೆ ತಳ ಬಡಿದು ಬೆಂಕಿ ಹತ್ತುತ್ತದೆ. ರಾಕೆಟ್ ಮುಂದೆ ನುಗ್ಗುವಾಗ ದಾರಿಗೆ ಅಡ್ಡ ಇರುವ ಕುದುರೆಯನ್ನು ತಾನೇ ಕೆಳಗೆ ಒತ್ತಿಕೊಂಡು ಹೋಗುತ್ತದೆ. ಆ ಒತ್ತಿಗೆ ಕುದುರೆ ಮುಂದಿನ ಈಡಿಗೆ ಸಿದ್ಧವಾಗಿ ಕೂರುತ್ತದೆ. ಇಷ್ಟು ಕಡಿಮೆ ಭಾಗಗಳಲ್ಲಿ ಇಷ್ಟು ಕೆಲಸ! ಇದನ್ನು ಯೋಚಿಸಿದವರ ತಲೆಗೆ ನಾನು ಮನಸಾರೆ ತಲೆಬಾಗುತ್ತೇನೆ.

ಹಲಗೆಯಲ್ಲಿ ಕುದುರೆ 18 ಮಿ.ಮೀ. ಪ್ಲೈವುಡ್ಡಿನದು, ಒಂದು ಬೋಲ್ಟಿನ ಮೇಲೆ ತಿರುಗುತ್ತದೆ. ಸ್ಪ್ರಿಂಗಿನ ಬದಲು ಸೈಕಲ್ ಟ್ಯೂಬಿನ ಪಟ್ಟಿ. ಮಕ್ಕಳು ಮರದ ರಾಕೆಟ್ಟನ್ನು ಕೈಯಿಂದ ಮುಂದೆ ತಳ್ಳಿದರೆ ಕುದುರೆ ತಗ್ಗಿ ಕಚ್ಚಿಕೊಳ್ಳುವುದು ಕಾಣುತ್ತದೆ.

ಆದರೂ ಈ ಪಿಸ್ತೂಲು ನಿಲ್ಲಲಿಲ್ಲ. ಗದ್ದೆಯಲ್ಲಿ ಕಂಡ ತೊಂದರೆಯೇ ಇಲ್ಲೂ. ನಳಿಗೆ ಬಿಡುವಾಗ ರಾಕೆಟ್ ಬಹಳ ನಿಧಾನ. ವೇಗ ಬರುವುದು ಹೊರಗೆ ಹೋದ ಮೇಲೆ. ಎದುರಿಗೇ ನಿಂತವನ ಮೇಲೆ ಅದಕ್ಕೆ ಶಕ್ತಿ ಕಡಿಮೆ, ದೂರದ ಗುರಿಗೆ ನಿಖರತೆ ಕಡಿಮೆ. ತೋಟಾದ ಬೆಲೆಯೂ ಜಾಸ್ತಿ. ಹೊರಡುವಾಗ ನಿಧಾನ ಅನ್ನುವ ಈ ದೋಷಕ್ಕೆ ಮೈಸೂರಿನವರು ಆರಡಿ ಬಿದಿರು ಕಟ್ಟಿ ಉತ್ತರ ಕೊಟ್ಟಿದ್ದರು. ಅಂಗೈ ಹಿಡಿತದ ಪಿಸ್ತೂಲಿನಲ್ಲಿ ಅದಕ್ಕೆ ಜಾಗ ಎಲ್ಲಿ?

ಶಾಲೆಗೆ ಕೊಡುವ ಮೊದಲು ಬಾಕಿ ಉಳಿದಿರುವುದು ಒಂದೇ. ಕತ್ತರಿಸಿದ ಕಡ್ಡಿಗಳ ಬದಲು ಬೇರೆ ಬೇರೆ ಉದ್ದದ ಹೊಸ ಕಡ್ಡಿಗಳನ್ನು ಸೀಳಬೇಕು. ಸಿಕ್ಕಿಸಿ ತೆಗೆಯುವ ಹಾಗೆ ಮಾಡಿದರೆ ಮಕ್ಕಳೇ ಬಯಲಲ್ಲಿ ಬೀಸಿ ನೋಡಬಹುದು. ಕಬ್ಬಿಣದ ಬದಲು ಮಣ್ಣು ತುಂಬಿದ ಬಿದಿರು ಕೊಳವೆ, ಮೂಗಿಗೆ ರಬ್ಬರ್. ಹ್ಯಾಕ್ಸಾ ಬ್ಲೇಡಿನದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಿ ಅಂತ ಮೇಷ್ಟ್ರಿಗೆ ಹೇಳಿದ್ದೇನೆ.